20 ಅಡಿ ಸ್ಟೇಜಿಗೆ ಹಿಂದಿನ ಪರದೆ ಬೇಕು, ಕೈಯಲ್ಲಿರೋದು 3000 ರೂಪಾಯಿ

ನಾಪೋಕ್ಲು_ಬಾಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಬ್ಯಾಂಡ್. ಡ್ರಮ್ಸ್, ಕೀಬೋರ್ಡ್, ಎರಡು ಗಿಟಾರ್, ಹಾಡುವವಳು ನನ್ನ ತಂಗಿ. ಪುತ್ತರಿ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಒಂದು ಶಾಲೆ ಮೈದಾನದಲ್ಲಿ ರಾತ್ರಿ ಕಾರ್ಯಕ್ರಮ ಒಪ್ಪಿಕೊಂಡಿದ್ದೇವೆ. ಸ್ಟೇಜ್ 20 ಅಡಿ ಅಗಲ. ಹಿಂದೆ 10 ಅಡಿ ಎತ್ತರದ ಪರದೆ ಬೇಕು.

ಹೋದ ಸಲ ಹಿಂದುಗಡೆ ಶಾಮಿಯಾನದವರು ಗುಲಾಬಿ ಬಟ್ಟೆ ಕಟ್ಟಿದ್ದರು, ಮೇಲೆ ಬಂಗಾರದ ಬಣ್ಣದ ಝಾಲರಿ. ಫೋಟೋ ನೋಡಿದವರೆಲ್ಲ "ಯಾರ ಮದುವೆ?" ಎಂದು ಕೇಳಿದರು. ಈ ಸಲ ಅದು ಬೇಡ.

ಬ್ಯಾಂಡಿನ ಹೆಸರು ಕಾಣಬೇಕು, ನಾಲ್ಕೇ ಅಕ್ಷರ. ಮಡಿಚಿದರೆ ಡ್ರಮ್ ಜೊತೆ ಒಂದೇ ಜೀಪಿನಲ್ಲಿ ಹಿಡಿಸಬೇಕು. ಖರ್ಚು 3000 ದಾಟಬಾರದು. ಮನೆಯಲ್ಲೇ ಮಾಡಿದವರು ಇದ್ದರೆ ದಾರಿ ತೋರಿಸಿ.

ಕುಶಾಲನಗರ_ಡ್ರಮ್ಸ್

ಫ್ಲೆಕ್ಸ್ ಹೊಡೆಸಿ ಮುಗಿಸಿ ಗುರು. 200 ಚದರ ಅಡಿ ತಾನೇ? ನಿಮ್ಮ ಬಜೆಟ್ಟಿನಲ್ಲೇ ಬರುತ್ತದೆ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಲೈಟಿನವ_ಮಡಿಕೇರಿ

ಫ್ಲೆಕ್ಸ್ ಬೇಡ ಅನ್ನೋದಕ್ಕೆ ನನ್ನ ಹತ್ತಿರ ಎರಡು ಕಾರಣ ಇದೆ. ಒಂದು, ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧ ಮಾಡಿ ಅಧಿಸೂಚನೆ ಬಂದಿದೆ. ಎಲ್ಲರೂ ಹಾಕ್ತಾರೆ ಅಂತ ನೀವೂ ಹಾಕಿ, ಕಾರ್ಯಕ್ರಮದ ದಿನ ಪಂಚಾಯಿತಿಯವರು ಬಂದು ಬಿಚ್ಚಿಸಿದರೆ ಏನು ಮಾಡುತ್ತೀರಿ?

ಇನ್ನೊಂದು ನನ್ನ ಕಸುಬಿಗೆ ಸೇರಿದ್ದು. ಫ್ಲೆಕ್ಸ್ ಹೊಳೆಯುತ್ತದೆ. ಮುಂದಿನಿಂದ ಲೈಟ್ ಬಿಟ್ಟರೆ ಅದರ ಮೇಲೆ ಬಿಳಿ ಬಿಳಿ ಚುಕ್ಕೆ ಬಿದ್ದು, ಹಾಡುವವರ ತಲೆ ಹಿಂದೆ ಟ್ಯೂಬ್‌ಲೈಟ್ ಹೊತ್ತಿಸಿದ ಹಾಗೆ ಕಾಣುತ್ತದೆ. ಮಡಿಕೆ ಬಿದ್ದಿದ್ದರಂತೂ ಕೇಳಲೇಬೇಡಿ. ಬಟ್ಟೆ ಹಾಗಲ್ಲ, ಬೆಳಕನ್ನು ನುಂಗುತ್ತದೆ.

ಬಟ್ಟೆ ಯಾವುದಾದರೂ ಸರಿ, ಬಣ್ಣ ಕಡು ಇರಲಿ. ಬಿಳಿ ಪರದೆ ಹಾಕಿದರೆ ಎಲ್ಲ ಬೆಳಕೂ ಅಲ್ಲಿಗೇ ಹೋಗುತ್ತದೆ, ನೀವು ಐದು ಜನ ಮಸಿ ಗೊಂಬೆ ಆಗುತ್ತೀರಿ.

ಕಣದಮನೆ_ಅಕ್ಕ

ತಮ್ಮಾ, ಸೀರೆ ಯೋಚನೆ ಮಾಡಿದ್ದೀಯಾ? ಒಂದು ಪೈಸೆ ಖರ್ಚಿಲ್ಲ. ಸೀರೆ ಐದೂವರೆ ಮೀಟರ್ ಉದ್ದ. ಪೈಪಿನ ಮೇಲೆ ಅರ್ಧಕ್ಕೆ ಇಳಿಬಿಟ್ಟರೆ ಎರಡೂ ಕಡೆ ಒಂಬತ್ತು ಒಂಬತ್ತು ಅಡಿ ಬರುತ್ತದೆ. ಅಗಲ ಪೌಣೆ ನಾಲ್ಕು ಅಡಿ. ಆರು ಸೀರೆ ಹಾಕಿದರೆ 22 ಅಡಿ ಆಯಿತು. ಕತ್ತರಿಸುವುದು ಬೇಡ, ಹೊಲಿಯುವುದು ಬೇಡ. ಮಾರನೇ ದಿನ ಒಗೆದು ಬೀರುವಿಗೆ ಇಟ್ಟರೆ ಅಮ್ಮನಿಗೂ ಬೇಜಾರಿಲ್ಲ.

ನಮ್ಮ ಮಹಿಳಾ ಸಮಾಜದ ಕಾರ್ಯಕ್ರಮಕ್ಕೆ ಹೀಗೇ ಮಾಡಿದ್ದೆವು. ಕಡು ನೀಲಿ ಮತ್ತು ಕಪ್ಪು, ಒಂದು ಬಿಟ್ಟು ಒಂದು. ನೆರಿಗೆ ಬೇಕಾದರೆ ಸೀರೆ ಜಾಸ್ತಿ ಬೇಕು. ಕೊಡವ ಸೀರೆ ನೆರಿಗೆ ಹಿಂದಕ್ಕೇ ಬರೋದು, ಹಿಂದಿನ ಪರದೆಗೂ ಅದೇ ಸರಿ ಎಂದು ನಗಾಡಿದ್ದೆವು.

ನಾಪೋಕ್ಲು_ಬಾಸ್

ಅಕ್ಕ, ಐಡಿಯಾ ಚೆನ್ನಾಗಿದೆ. ಅಮ್ಮನಿಗೆ ಓದಿ ಹೇಳಿದೆ. "ಯಾರ ಸೀರೆ?" ಅಂದರು. ಅಷ್ಟೇ ಅಂದದ್ದು.

ಹಳೇಪರದೆ

ನಾನು ವಿರಾಜಪೇಟೆ ಕಡೆಯವನು. ಇಪ್ಪತ್ತು ವರ್ಷ ಹವ್ಯಾಸಿ ನಾಟಕ ತಂಡದಲ್ಲಿ ಪರದೆ, ಸೀನ್ ನೋಡಿಕೊಂಡವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಕೋರಾ ಬಟ್ಟೆ ತಗೊಳ್ಳಿ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ. ಅಂಗಡಿಯಲ್ಲಿ ದೊಡ್ಡ ಪನ್ನದ್ದು ಕೇಳಿ, 63 ಇಂಚು ಅಗಲದ್ದು. ಎರಡು ಉದ್ದ ಅಡ್ಡಡ್ಡಕ್ಕೆ ಸೇರಿಸಿ ಹೊಲಿದರೆ 10 ಅಡಿ ಎತ್ತರ ಬಂದುಬಿಡುತ್ತದೆ. ಹದಿಮೂರು ಮೀಟರ್ ಸಾಕು. ಹೊಲಿಗೆ ಐದಡಿ ಎತ್ತರದಲ್ಲಿ ಬರುವುದರಿಂದ ನೀವೇ ಮುಂದೆ ನಿಂತು ಮುಚ್ಚುತ್ತೀರಿ. ಉದ್ದುದ್ದ ಹೊಲಿದರೆ ಮೂರ್ನಾಲ್ಕು ಗೆರೆ ಎದ್ದು ಕಾಣುತ್ತವೆ. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆ ಅಳತೆ ಮಾಡಿ. ಕೋರಾ ಕುಗ್ಗುತ್ತದೆ. ನಾನು ಒಂದು ಸಲ ಹಾಗೇ ಬಣ್ಣ ಹಚ್ಚಿ, ಅರಮನೆಯ ಕಂಬ ಸೊಟ್ಟಗಾಗಿ, ರಾಜ ಪಾಳು ಗುಡಿಯಲ್ಲಿ ದರ್ಬಾರು ಮಾಡಿದ ಹಾಗಾಯಿತು.

ಬಣ್ಣಕ್ಕೆ ಗೋಡೆಗೆ ಹೊಡೆಯುವ ಎಮಲ್ಷನ್ ಸಾಕು. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ನೀರು. ದಪ್ಪ ಹಚ್ಚಿದರೆ ಮಡಿಚಿದ ಕಡೆ ಸಿಡಿದು ಉದುರುತ್ತದೆ. ಪೋಸ್ಟರ್ ಕಲರ್ ಮುಟ್ಟಬೇಡಿ, ಡಿಸೆಂಬರ್ ರಾತ್ರಿಯ ಇಬ್ಬನಿಗೆ ಇಳಿದುಹೋಗುತ್ತದೆ. ಹಿಂದೆ ನಾಟಕ ಕಂಪನಿಯವರು ಪುಡಿ ಬಣ್ಣಕ್ಕೆ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಕಾಯಿಸಿ ಬೆರೆಸುತ್ತಿದ್ದರು. ಬಯಲುಸೀಮೆಯಲ್ಲಿ ಅದು ನಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ಜೂನ್‌ನಲ್ಲಿ ಮಡಿಚಿ ಒಂದು ಸಭಾಂಗಣದ ಮೂಲೆಯಲ್ಲಿಟ್ಟ ಪರದೆಯನ್ನು ಸೆಪ್ಟೆಂಬರ್‌ನಲ್ಲಿ ಬಿಚ್ಚಿದಾಗ ಅಂತಃಪುರದ ತುಂಬ ಬೂಷ್ಟು. ಸರೇಸಿನ ವಾಸನೆಗೆ ಇಲಿಯೂ ಬಂದು ರಾಣಿಯ ಮಂಚ ತಿಂದಿತ್ತು.

ಆದ್ದರಿಂದ ಮಡಿಚಬೇಡಿ, ಸುತ್ತಿಡಿ. ದಪ್ಪ ಪಿವಿಸಿ ಪೈಪಿಗೆ, ಬಣ್ಣದ ಮುಖ ಹೊರಗೆ ಮಾಡಿ ಸುತ್ತಿ.

ಸಿದ್ದಾಪುರ_ತೋಟ

ಸುತ್ತಿದರೆ ಪೈಪ್ ಹತ್ತಡಿ ಆದರೂ ಬೇಕಲ್ವಾ ಸರ್? ಜೀಪಿಗೆ ಹೇಗೆ ಹಾಕುವುದು?

ಹಳೇಪರದೆ

ಜೀಪಿನ ತಲೆ ಮೇಲೆ ಏಣಿ ಕಟ್ಟುವುದಿಲ್ಲವೇ? ಮೆಣಸು ಕೊಯ್ಯುವವರು ಅದಕ್ಕಿಂತ ಉದ್ದದ್ದು ಕಟ್ಟಿಕೊಂಡು ಓಡಾಡುತ್ತಾರೆ.

ನಾಪೋಕ್ಲು_ಬಾಸ್

ಸರ್, ತುಂಬಾ ಉಪಕಾರ. ಒಂದೇ ತೊಂದರೆ. 20 ಅಡಿ ಬಟ್ಟೆ ಹರಡಿ ಬಣ್ಣ ಹಚ್ಚಲು ಜಾಗ ಎಂದರೆ ಮನೆಯ ಕಾಫಿ ಕಣವೇ. ನವೆಂಬರ್ ಕೊನೆಗೆ ಅರೇಬಿಕಾ ಹರಡಿರುತ್ತದೆ. ಕಣ ಕೇಳಿದೆ. ಅಪ್ಪ "ಬ್ಯಾಂಡ್ ಕಾಫಿ ಕೊಡುತ್ತದಾ?" ಎಂದು ಕೇಳಿದರು.

ಕಣದಮನೆ_ಅಕ್ಕ

ಸಂಜೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುತ್ತಾರಲ್ಲ, ಆಗ ಅರ್ಧ ಕಣ ಖಾಲಿ. ಆದರೆ ಇಬ್ಬನಿಯಲ್ಲಿ ಬಣ್ಣ ಒಣಗುವುದಿಲ್ಲ. ಬೆಳಿಗ್ಗೆ ಅಪ್ಪ ಕಾಫಿ ಹರಡಲು ಬರುವಾಗ ಕಣದ ತುಂಬ ಹಸಿ ನೀಲಿ! ಆ ದೃಶ್ಯ ನೋಡಲು ನಾನೂ ಬರುತ್ತೇನೆ. ಸಿಮೆಂಟ್ ನೆಲದ ಮೇಲೆ ನೇರ ಹಾಸಿದರೆ ಬಟ್ಟೆ ಅಂಟಿಕೊಳ್ಳುತ್ತದೆ, ಕೆಳಗೆ ಪ್ಲಾಸ್ಟಿಕ್ ಹಾಸಲೇಬೇಕು.

ಮಳೆ_ಮತ್ತು_ಲೆಕ್ಕ

ಎಲ್ಲರೂ ಬಟ್ಟೆ, ಬಣ್ಣ ಎನ್ನುತ್ತಿದ್ದೀರಿ. ಗಾಳಿ ಯಾರಿಗೂ ನೆನಪಾಗಲಿಲ್ಲವಾ? ತೆರೆದ ಮೈದಾನ, ಗುಡ್ಡದ ಇಳಿಜಾರು.

20x10 ಅಡಿ ಎಂದರೆ 18.6 ಚದರ ಮೀಟರ್. ಗಂಟೆಗೆ 40 ಕಿ.ಮೀ. ಗಾಳಿ ನೇರ ಹೊಡೆದರೆ ಆ ಪರದೆಯ ಮೇಲೆ ಬೀಳುವ ಒತ್ತಡ ಹತ್ತಿರ ಹತ್ತಿರ 140 ಕೆಜಿ ತೂಕಕ್ಕೆ ಸಮ. ಅಂದರೆ ಇಬ್ಬರು ಗಂಡಸರು ಪರದೆ ಹಿಡಿದು ಜೋತಾಡಿದ ಹಾಗೆ. ಗಾಳಿ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, 35 ಕೆಜಿ. ದುಪ್ಪಟ್ಟಾದರೆ ನಾಲ್ಕು ಪಾಲು. ಈಗ ಹೇಳಿ, ಇದನ್ನು ಯಾವುದಕ್ಕೆ ಕಟ್ಟುತ್ತೀರಿ?

ಸ್ಪೀಕರ್ ಸ್ಟ್ಯಾಂಡಿಗೆ ಮಾತ್ರ ಕಟ್ಟಬೇಡಿ, ದಮ್ಮಯ್ಯ.

ಕುಶಾಲನಗರ_ಡ್ರಮ್ಸ್

ಬ್ಯಾನರಿಗೆ ಅರ್ಧಚಂದ್ರ ಆಕಾರದಲ್ಲಿ ಅಲ್ಲಲ್ಲಿ ಕೊಯ್ದು ಬಿಡುತ್ತಾರಲ್ಲ, ಗಾಳಿ ಹೋಗಲಿ ಎಂದು. ಹಾಗೆ ಮಾಡಿದರೆ?

ಮಳೆ_ಮತ್ತು_ಲೆಕ್ಕ

ನಾಲ್ಕು ತೂತಿಗೆ ಏನೂ ಕಡಿಮೆಯಾಗುವುದಿಲ್ಲ. ತೂತಿನ ವಿಸ್ತೀರ್ಣ ಒಟ್ಟು ಪರದೆಯ ಎಷ್ಟು ಪಾಲು ಎಂದು ಲೆಕ್ಕ ಹಾಕಿ ನೋಡಿ. ಪರದೆ ಹರಿಯಲು ಆರಂಭ ಸಿಗುತ್ತದೆ, ಅಷ್ಟೇ ಲಾಭ.

ಬೇಕಾದರೆ ಹೀಗೆ ಮಾಡಿ. ಮೇಲ್ಗಡೆ ಗಟ್ಟಿ ಹಗ್ಗದಲ್ಲಿ ಕಟ್ಟಿ. ಕೆಳಗಡೆ ಬಾಳೆ ನಾರಿನಂಥ ಬಡಪಾಯಿ ದಾರದಲ್ಲಿ ಕಟ್ಟಿ. ಗಾಳಿ ಜೋರಾದರೆ ಕೆಳಗಿನದು ಮೊದಲು ಕಿತ್ತು ಪರದೆ ಬಾವುಟದ ಹಾಗೆ ಹಾರಾಡುತ್ತದೆ. ನೋಡಲು ಅಸಹ್ಯ. ಆದರೆ ಪೈಪ್ ಡ್ರಮ್ಮರ್ ತಲೆ ಮೇಲೆ ಬೀಳುವುದಿಲ್ಲ.

ಸಿದ್ದಾಪುರ_ತೋಟ

ಗಾಳಿ ಹೋಗಬೇಕು, ಕಡು ಬಣ್ಣ ಇರಬೇಕು, ಮಡಿಚಲು ಬರಬೇಕು, ಬೂಷ್ಟು ಹಿಡಿಯಬಾರದು. ಅಣ್ಣಂದಿರೇ, ಅದು ನಿಮ್ಮೆಲ್ಲರ ಮನೆ ಹಿಂದೆಯೇ ಇದೆ. ಕಾಫಿ ನರ್ಸರಿಗೆ ಕಟ್ಟುವ ಶೇಡ್ ನೆಟ್! ಹಸಿರು ಬೇಡ, ಕಪ್ಪು ತಗೊಳ್ಳಿ. 75 ಪರ್ಸೆಂಟ್ ನೆರಳಿನದು ಎಂದು ಕೇಳಿ. ಮೂರು ಮೀಟರ್ ಅಗಲದ ರೋಲ್ ಬರುತ್ತದೆ, ಅಂದರೆ ಹೊಲಿಗೆಯೇ ಇಲ್ಲದೆ ಸುಮಾರು ಹತ್ತಡಿ ಎತ್ತರ. ಏಳು ಮೀಟರ್ ಕತ್ತರಿಸಿ ಕೊಡು ಎಂದರೆ ಗೊಬ್ಬರದಂಗಡಿಯವರು ಕೊಡುತ್ತಾರೆ.

ಅದರ ಮೇಲೆ ಹೆಸರಿನ ಅಕ್ಷರ ಮಾತ್ರ ಬಟ್ಟೆಯಲ್ಲಿ ಕತ್ತರಿಸಿ ಸಿಕ್ಕಿಸಿ. 20 ಅಡಿ ಬಣ್ಣ ಹಚ್ಚುವ ಕೆಲಸವೇ ಇಲ್ಲ.

ಲೈಟಿನವ_ಮಡಿಕೇರಿ

ಈ ಮಾತು ನನಗೆ ಯಾಕೆ ಹೊಳೆಯಲಿಲ್ಲ! ಮಡಿಕೇರಿ ದಸರಾ ಸಮಯದಲ್ಲಿ ಮಂಟಪಗಳಿಗೆ ಲೈಟ್ ಕೆಲಸಕ್ಕೆ ಹೋಗುತ್ತೇನೆ. ವಿಜಯದಶಮಿ ರಾತ್ರಿ ಹತ್ತು ಮಂಟಪ ಟ್ರ್ಯಾಕ್ಟರ್ ಮೇಲೆ ಹೊರಡುತ್ತವೆ, ಎಲ್ಲ ಆಟ ಬೆಳಕಿನದೇ. ಬಲೆಬಟ್ಟೆಯ ಗುಟ್ಟು ಏನೆಂದರೆ, ಮುಂದಿನಿಂದ ಬೆಳಕು ಬಿದ್ದರೆ ಗೋಡೆಯ ಹಾಗೆ ಕಾಣುತ್ತದೆ. ಮುಂದೆ ಆರಿಸಿ ಹಿಂದೆ ಹೊತ್ತಿಸಿದರೆ ಪರದೆ ಮಾಯ, ಹಿಂದಿರುವುದೆಲ್ಲ ಕಾಣುತ್ತದೆ. ಕೊನೆಯ ಹಾಡಿಗೆ ಹಿಂದಿರುವ ಸಿಲ್ವರ್ ಓಕ್ ಮರಗಳ ಬುಡಕ್ಕೆ ಎರಡು ಎಲ್‌ಇಡಿ ಇಟ್ಟು ಹೊತ್ತಿಸಿ. ಜನ ಹೌಹಾರುತ್ತಾರೆ.

ಅಕ್ಷರ ಬಿಳಿಯೇ ಇರಲಿ. ಕೆಂಪು ಅಕ್ಷರ ಮಾಡಿ ನೀಲಿ ಲೈಟ್ ಬಿಟ್ಟರೆ ಕಪ್ಪು ನೆಟ್ಟಿನಲ್ಲಿ ಕಪ್ಪಾಗಿ ಮುಳುಗಿಹೋಗುತ್ತದೆ. ಬಿಳಿಗೆ ಯಾವ ಲೈಟ್ ಬಿಟ್ಟರೂ ಆ ಬಣ್ಣ ಬರುತ್ತದೆ. ಒಂದೇ ಪರದೆಯಲ್ಲಿ ಹತ್ತು ಬಣ್ಣ ಪುಕ್ಕಟೆ.

ಒಂದು ಎಚ್ಚರಿಕೆ, ನೆಟ್ ಪ್ಲಾಸ್ಟಿಕ್. ಹ್ಯಾಲೋಜನ್ ಹತ್ತಿರ ಇಟ್ಟರೆ ಕರಗುತ್ತದೆ. ಎಲ್‌ಇಡಿ ಮಾತ್ರ, ಅದೂ ಒಂದು ಮಾರು ದೂರದಲ್ಲಿ. ಸ್ಟೇಜ್ ಹಿಂದೆ ಬೀಡಿ ಸೇದುವವರನ್ನು ಅಟ್ಟಿ.

ಹಳೇಪರದೆ

ನೆಟ್ ಚೆನ್ನಾಗಿದೆ, ಒಪ್ಪಿದೆ. ನನಗೆ ಮಾತ್ರ ಬಣ್ಣದ ಪರದೆಯೇ ಇಷ್ಟ. ಬೆಂಕಿಯ ಮಾತು ಬಂತಲ್ಲ, ಅಕ್ಷರಕ್ಕೆ ಬಳಸುವ ಹತ್ತಿ ಬಟ್ಟೆಗೆ ಹಳೆಯ ಉಪಾಯ ಇದೆ. ಹತ್ತು ಲೀಟರ್ ಬಿಸಿ ನೀರಿಗೆ 700 ಗ್ರಾಂ ಬಿಳಿಗಾರ (ಬೋರಾಕ್ಸ್), 300 ಗ್ರಾಂ ಬೋರಿಕ್ ಪೌಡರ್, ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ ಅದೇ. ಬಟ್ಟೆ ಅದ್ದಿ, ಹಿಂಡದೆ ಒಣಗಿಸಿ, ಆಮೇಲೆ ಬಣ್ಣ. ಒಂದು ತುಂಡು ಕತ್ತರಿಸಿ ಅಂಗಳದಲ್ಲಿ ಬೆಂಕಿ ತಾಗಿಸಿ ನೋಡಿ. ಕರಿ ಕಟ್ಟಿ ನಿಲ್ಲಬೇಕು, ಉರಿ ಹಬ್ಬಬಾರದು. ಒಗೆದರೆ ಅಥವಾ ಮಳೆಗೆ ನೆನೆದರೆ ಗುಣ ಹೋಗುತ್ತದೆ, ಮತ್ತೆ ಅದ್ದಬೇಕು. ನೆಟ್ಟಿಗೆ ಇದು ಹತ್ತುವುದಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಸೋಮವಾರಪೇಟೆ_ಟೈಲರ್

ಅಕ್ಷರದ ಬಗ್ಗೆ ನಾನು ಹೇಳುತ್ತೇನೆ. ಬಟ್ಟೆ ಬ್ಯಾನರ್ ತುಂಬ ಹೊಲಿದಿದ್ದೇನೆ.

ಮೊದಲು ಕತ್ತರಿಸಿ ಆಮೇಲೆ ಬಣ್ಣ ಹಚ್ಚಬೇಡಿ. ಅಂಚಿನ ನೂಲು ಬಿಚ್ಚಿಕೊಂಡು ಗಡ್ಡ ಬಂದ ಹಾಗಾಗುತ್ತದೆ. ಕೋರಾಕ್ಕೆ ಬಿಳಿ ಎಮಲ್ಷನ್ ಒಂದು ಕೈ ಹಚ್ಚಿ ಒಣಗಿಸಿ. ಬಟ್ಟೆ ರಟ್ಟಿನ ಹಾಗೆ ಬಿಗಿಯಾಗುತ್ತದೆ. ಆಮೇಲೆ ಪೆನ್ಸಿಲ್ ಗೆರೆ ಹಾಕಿ ಕತ್ತರಿಸಿ. ನೂಲು ಏಳುವುದಿಲ್ಲ, ಹೊಲಿಗೆಯೂ ಬೇಡ.

ಅಳತೆ: ಹತ್ತಡಿ ದೂರಕ್ಕೆ ಒಂದಿಂಚು ಎತ್ತರ ಎಂದು ಬೋರ್ಡ್ ಬರೆಯುವವರು ಲೆಕ್ಕ ಹಾಕುತ್ತಾರೆ. ನೂರಡಿ ದೂರದಲ್ಲಿ ನಿಂತವನಿಗೆ ಹತ್ತಿಂಚು. ಸ್ಟೇಜಿಗೆ ಅದು ಸಾಲದು, ಎರಡಡಿ ಮಾಡಿ. ಇಂಗ್ಲಿಷಿನಲ್ಲಾದರೆ ಎರಡಡಿ ಎಂದರೆ ಎರಡಡಿಯೇ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡಡಿಯ ಅಕ್ಷರಕ್ಕೆ ಮೂರೂವರೆ ಅಡಿ ಜಾಗ ಬಿಡಬೇಕು. ಇದನ್ನು ಮರೆತು ಒತ್ತಕ್ಷರ ಕತ್ತರಿಸಿಕೊಂಡ ಬ್ಯಾನರ್ ನಾನೇ ಮೂರು ಹೊಲಿದಿದ್ದೇನೆ.

ಇನ್ನೊಂದು, ದೂರದಿಂದ ವ, ಪ, ಷ ಒಂದೇ ಥರ ಕಾಣುತ್ತವೆ. ಷ-ದ ಹೊಟ್ಟೆಯ ಗೀಟು ದಪ್ಪ ಇರಲಿ. ಒಳಗಿನ ಖಾಲಿ ಜಾಗ ನಿಮ್ಮ ಮುಷ್ಟಿಗಿಂತ ಚಿಕ್ಕದಾದರೆ ಲೈಟಿಗೆ ತುಂಬಿಹೋಗುತ್ತದೆ. ನಿಮ್ಮ ನಾಲ್ಕಕ್ಷರದಲ್ಲಿ ಒತ್ತು ಇದೆಯಾ?

ನಾಪೋಕ್ಲು_ಬಾಸ್

ಇದೆ ಅಣ್ಣ. ಮೂರನೇ ಅಕ್ಷರಕ್ಕೆ.

ಸೋಮವಾರಪೇಟೆ_ಟೈಲರ್

ಹಾಗಾದರೆ ಹೆಸರನ್ನು ಆದಷ್ಟು ಮೇಲೆ ಹಾಕಿ. ಮೂರನೇ ಅಕ್ಷರದ ಕೆಳಗೆ ಯಾರು ಕೂರುತ್ತಾರೆ ನೋಡಿಕೊಳ್ಳಿ.

ಕುಶಾಲನಗರ_ಡ್ರಮ್ಸ್

ಅಕ್ಷರ ಸೊಟ್ಟ ಬರಬಾರದು ಅಂದರೆ ಪ್ರೊಜೆಕ್ಟರ್ ತಂದು ಗೋಡೆಗೆ ಬಿಟ್ಟು ಗೆರೆ ಎಳೆಯಿರಿ. ಕೆಳಗಿಟ್ಟು ಮೇಲಕ್ಕೆ ತೋರಿಸಿದರೆ ಅಕ್ಷರದ ತಲೆ ಅಗಲ, ಕಾಲು ಸಣ್ಣ ಆಗುತ್ತದೆ. ಮೇಜಿನ ಮೇಲೆ ಮಧ್ಯಕ್ಕೆ ನೇರವಾಗಿ ಇಡಿ. ಫ್ಲೆಕ್ಸ್ ಎಂದವನೇ ಈಗ ಸಹಾಯ ಮಾಡುತ್ತಿದ್ದೇನೆ, ಗಮನಿಸಿ.

ಮಳೆ_ಮತ್ತು_ಲೆಕ್ಕ

ಮೇಲಿನ ಪೈಪ್ ಪಿವಿಸಿ ಬೇಡ. 20 ಅಡಿ ಪಿವಿಸಿ ಮಧ್ಯದಲ್ಲಿ ಬಾಳೆಗೊನೆ ತೂಗಿದ ಹಾಗೆ ಬಾಗುತ್ತದೆ. ಶಾಮಿಯಾನದವರ ಹತ್ತಿರ ಕಬ್ಬಿಣದ ಪೈಪ್ ಇರುತ್ತದೆ. ಹೇಗೂ ಸ್ಟೇಜ್ ಹಾಕುವವರು ಅವರೇ. ಮೊದಲೇ ಮಾತಾಡಿಕೊಂಡರೆ ಪುಕ್ಕಟೆ. ಕಂಬದ ಬುಡಕ್ಕೆ ಮರಳು ತುಂಬಿದ ಕಾಫಿ ಚೀಲ ಎರಡೆರಡು. ನೆಟ್ಟಾದರೂ ಗಾಳಿ ಪೂರ್ತಿ ಬಿಡುವುದಿಲ್ಲ, ಹಿಂದಕ್ಕೆ ಹಗ್ಗ ಎಳೆದು ಗೂಟ ಹೊಡೆಯಿರಿ.

ನಾಪೋಕ್ಲು_ಬಾಸ್

(ಡಿಸೆಂಬರ್) ಕಾರ್ಯಕ್ರಮ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಕೊನೆಗೆ ನೆಟ್ಟೇ ಆಯಿತು. ಏಳು ಮೀಟರ್ ಕಪ್ಪು ನೆಟ್ಟಿಗೆ 900 ಕೊಟ್ಟೆವು. ಕೋರಾ ನಾಲ್ಕು ಮೀಟರ್ 280. ಬಿಳಿ ಎಮಲ್ಷನ್ ಒಂದು ಲೀಟರ್ 240. ಬಿಳಿಗಾರ, ಬೋರಿಕ್, ಹಗ್ಗ, ಲಾಡಿ, ಸೇಫ್ಟಿ ಪಿನ್ ಎಲ್ಲ ಸೇರಿ 610. ಒಟ್ಟು 2030 ರೂಪಾಯಿ. ಉಳಿದದ್ದರಲ್ಲಿ ಜೀಪಿಗೆ ಡೀಸೆಲ್.

ನೆಟ್ಟಿನ ಮೇಲಂಚನ್ನು ಮಡಿಚಿ, ಲಂಗಕ್ಕೆ ಲಾಡಿ ತೂರಿಸುವ ಹಾಗೆ ಪೈಪ್ ತೂರಿಸಲು ಅಮ್ಮ ಹೊಲಿದುಕೊಟ್ಟರು. ಸೀರೆ ಉಳಿಯಿತಲ್ಲ, ಆ ಖುಷಿಗೆ. ಅದರಲ್ಲಿ ನಾಲ್ಕಿಂಚು ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಅಕ್ಷರಗಳನ್ನು ನಮ್ಮ ಮನೆಯ ಹಾಲ್‌ನಲ್ಲೇ ಮಾಡಿದೆವು. ಒಂದೊಂದಾಗಿ ಮಾಡಬಹುದಾದ್ದರಿಂದ ಕಣ ಬೇಕಾಗಲಿಲ್ಲ.

ಕೈಗೆ ಸಿಕ್ಕಿದ ಬುದ್ಧಿ ಏನೆಂದರೆ, ಅಕ್ಷರದ ಅಂಚಿಗೆ ಮಾತ್ರ ಪಿನ್ ಹಾಕಿದರೆ ಮಧ್ಯೆ ಹೊಟ್ಟೆ ಉಬ್ಬುತ್ತದೆ. ನೆಟ್ಟನ್ನು ಪೂರ್ತಿ ಎಳೆದು ಕಟ್ಟಿದ ಮೇಲೆ ಪಿನ್ ಹಾಕಬೇಕು. ನಾವು ನೆಲದ ಮೇಲೆ ಹಾಕಿ ಎತ್ತಿದೆವು. ನೆಟ್ ಎಳೆದುಕೊಂಡಿತು, ಬಟ್ಟೆ ಎಳೆಯಲಿಲ್ಲ. ಎಲ್ಲ ಅಕ್ಷರ ಸುಕ್ಕು. ಏಣಿ ಹತ್ತಿ ಒಂದೊಂದೇ ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಸೌಂಡ್ ಚೆಕ್ ಸಮಯ ಮುಗಿದಿತ್ತು.

ಗಾಳಿ ಬಂತು. ಎಂಟು ಗಂಟೆ ಸುಮಾರಿಗೆ ಒಂದು ಸಲ ಜೋರಾಗಿ. ಪಕ್ಕದಲ್ಲಿ ಶಾಮಿಯಾನದ ಸೈಡ್ ಬಟ್ಟೆ ಪಟಪಟ ಹೊಡೆದು ಒಂದು ಕಡೆ ಕಿತ್ತಿತು. ನಮ್ಮದು ಒಂದು ಉಸಿರೆಳೆದು ಬಿಟ್ಟ ಹಾಗೆ ಹಿಂದೆ ಹೋಗಿ ಮುಂದೆ ಬಂತು. ಕೆಳಗಿನ ದಾರ ಮೂರು ಕಡೆ ಕಿತ್ತಿತ್ತು, ಪೈಪ್ ಅಲ್ಲಾಡಲಿಲ್ಲ. ಲೆಕ್ಕದ ಅಣ್ಣನಿಗೆ ಸಾಷ್ಟಾಂಗ.

ಕೊನೆಯ ಹಾಡಿಗೆ ಹಿಂದಿನ ಲೈಟ್ ಹಾಕಿದೆವು. ಮರ ಬೆಳಗಿದವು, ಮಂಜು ಬೇರೆ ಇಳಿದಿತ್ತು. ಒಂದು ಕ್ಷಣ ಜನ ನಿಜವಾಗಿ ಸುಮ್ಮನಾದರು. ಆಮೇಲೆ ಜೋರು ನಗು. ತಿರುಗಿ ನೋಡಿದರೆ ಮರದ ಬುಡದಲ್ಲಿ ನಮ್ಮ ಜೀಪಿನ ಡ್ರೈವರ್, ಕೈಯಲ್ಲಿ ಪೇಪರ್ ಪ್ಲೇಟು, ಬಾಯಿ ತುಂಬ ಕಡುಬು. ಹಿಂದೆ ಯಾರೂ ಇರಬಾರದು ಎಂದು ಬೀಡಿ ಸೇದುವವರಿಗೆ ಮಾತ್ರ ಹೇಳಿದ್ದೆವು.

ಸೋಮವಾರಪೇಟೆ_ಟೈಲರ್

ಒತ್ತಕ್ಷರ ಕಂಡಿತಾ?

ನಾಪೋಕ್ಲು_ಬಾಸ್

ಮೊದಲ ಮೂರು ಹಾಡು ಇಲ್ಲ. ಡ್ರಮ್ಸ್‌ನ ಕ್ರಾಶ್ ಸಿಂಬಲ್ (ಲೋಹದ ತಟ್ಟೆ) ಅದರ ಮುಂದೆಯೇ ಇತ್ತು. ಎರಡು ಬೆರಳು ಕೆಳಗಿಳಿಸಿದ ಮೇಲೆ ಕಂಡಿತು. ಅಷ್ಟರೊಳಗೆ ತೆಗೆದ ಫೋಟೋಗಳಲ್ಲೆಲ್ಲ ನಮ್ಮ ಬ್ಯಾಂಡಿನ ಹೆಸರೇ ಬೇರೆ.

ಕಣದಮನೆ_ಅಕ್ಕ

ನೆಟ್ ಈಗ ಎಲ್ಲಿದೆ ತಮ್ಮಾ?

ನಾಪೋಕ್ಲು_ಬಾಸ್

ಅಪ್ಪ ತಗೊಂಡು ಹೋಗಿ ನರ್ಸರಿಯ ಒಂದು ಬದಿಗೆ ಕಟ್ಟಿದ್ದಾರೆ ಅಕ್ಕ. ಕೇಳಿದರೆ, ಮುಂದಿನ ಕಾರ್ಯಕ್ರಮ ಯಾವಾಗ ಹೇಳು, ಬಿಚ್ಚಿಕೊಡುತ್ತೇನೆ ಎಂದರು. ಅಕ್ಷರಗಳನ್ನು ಪೈಪಿಗೆ ಸುತ್ತಿ ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದೇವೆ. ಒಲೆಯ ಬಿಸಿಗೆ ಬೂಷ್ಟು ಬರಲಿಕ್ಕಿಲ್ಲ.

ಸಿದ್ದಾಪುರ_ತೋಟ

ಪಿನ್ ಎಷ್ಟು ಬೇಕಾಯಿತು? ನಾವೂ ಮಾಡೋಣ ಎಂದಿದ್ದೇವೆ.

ನಾಪೋಕ್ಲು_ಬಾಸ್

84. ರಾತ್ರಿ ಬಿಚ್ಚುವಾಗ ಕೈಗೆ ಸಿಕ್ಕಿದ್ದು 61. ಶಾಲೆ ಮೈದಾನ, ಮಕ್ಕಳು ಬರಿಗಾಲಲ್ಲಿ ಓಡುವ ಜಾಗ. ಬೆಳಿಗ್ಗೆ ಆರಕ್ಕೆ ಹೋಗಿ, ಹಾಳಾದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹುಲ್ಲಿನ ಮೇಲೆ ಎಳೆದೆವು. 22 ಸಿಕ್ಕಿತು. ಇನ್ನೊಂದು ಎಲ್ಲಿ ಎಂದು ಗಂಟೆಗಟ್ಟಲೆ ಹುಡುಕಿ ಸುಸ್ತಾಗಿ ಮನೆಗೆ ಬಂದರೆ, ತಂಗಿಯ ದುಪಟ್ಟಾದಲ್ಲಿತ್ತು.